ಗೋಡೆಯ ಕ್ಯಾಮೆರಾ ಉಸಿರಾಡುವುದಿಲ್ಲ

ಸಿನಿಮಾ ನೋಡುವಾಗ ನನ್ನ ಪಕ್ಕ ಒಂದು ಸಲ ಕೂತವರು ಎರಡನೇ ಸಲ ಕೂರುವುದಿಲ್ಲ. ಅಮ್ಮ ಮಾತ್ರ ಕೂರುತ್ತಾಳೆ, ಅವಳಿಗೆ ಬೇರೆ ಗತಿ ಇಲ್ಲ. ನಾಯಕಿ ಜಡಿಮಳೆಯಲ್ಲಿ ನೆನೆದು ಮನೆಯೊಳಕ್ಕೆ ಓಡಿ ಬರುತ್ತಾಳೆ, ಹೊಸ್ತಿಲು ದಾಟಿದ ಕೂಡಲೇ ಕೂದಲು ಶ್ಯಾಂಪೂ ಜಾಹೀರಾತಿನ ಹಾಗೆ ಒಣಗಿರುತ್ತದೆ. ಖಳನಾಯಕನ ಹಣೆಯ ಬ್ಯಾಂಡೇಜು ಬೈಯುವಾಗ ಎಡಕ್ಕಿರುತ್ತದೆ, ಏಟು ತಿನ್ನುವಾಗ ಬಲಕ್ಕೆ ಬಂದಿರುತ್ತದೆ. ಒಮ್ಮೆ ಮಂಡ್ಯದ ಹಳ್ಳಿಯೊಂದರಲ್ಲಿ ಅಪ್ಪ ಸಾಯುವ ದೃಶ್ಯ. ಥಿಯೇಟರಿನಲ್ಲಿ ಎಲ್ಲರ ಮೂಗೂ ಸೊರಸೊರ ಅನ್ನುತ್ತಿದೆ. ನಾನು ಅಮ್ಮನ ಮೊಣಕೈ ತಿವಿದು, "ಹಿಂದೆ ನೋಡಮ್ಮ, ನಾಗರಬಾವಿ ಸಿಟಿ ಬಸ್ಸು ಹೋಗ್ತಾ ಇದೆ" ಅಂದೆ.

"ಬಾಯಿ ಮುಚ್ಕೊಂಡು ನೋಡೋ. ಅವರು ಅಷ್ಟು ಕಷ್ಟಪಟ್ಟು ಅಳ್ತಾ ಇದಾರೆ, ನಿಂಗೆ ಬಸ್ಸು ಕಾಣುತ್ತೆ."

ವಾರ್ತೆ ಇನ್ನೂ ಮಜಾ. ಬಂದ್ ಸಂಪೂರ್ಣ ಯಶಸ್ವಿ, ಅಂಗಡಿ ಮುಂಗಟ್ಟುಗಳು ಸ್ತಬ್ಧ ಎಂದು ವರದಿಗಾರ ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಅವನ ಭುಜದ ಹಿಂದೆ ಪಾನಿಪುರಿ ಗಾಡಿಯ ಮುಂದೆ ನಾಲ್ಕು ಜನ ಬಾಯಿ ಅಗಲಿಸಿಕೊಂಡು ನಿಂತಿರುತ್ತಾರೆ. ಇಂಥದ್ದನ್ನೆಲ್ಲ ಹೆಕ್ಕಿ, ಆಂಕರಿನ ದನಿಯಲ್ಲೇ ಮತ್ತೆ ಓದಿ ತೋರಿಸುವುದು ನನ್ನ ಕಸುಬು. ಹಗಲು ವಿಜಯನಗರದಲ್ಲಿ ಝೆರಾಕ್ಸ್ ಅಂಗಡಿ, ಸಂಜೆ ಹುಟ್ಟುಹಬ್ಬ, ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಎಲ್ಲಿ ಕರೆದರೆ ಅಲ್ಲಿ ಮಿಮಿಕ್ರಿ. ನನ್ನ ಸ್ವಂತ ದನಿ ಹೇಗಿದೆ ಅಂತ ಯಾರಾದರೂ ಕೇಳಿದರೆ ಎರಡು ನಿಮಿಷ ಯೋಚಿಸಬೇಕಾಗುತ್ತದೆ. ಅಷ್ಟೇನೂ ಚೆನ್ನಾಗಿಲ್ಲ ಅನ್ನುವುದು ಅಮ್ಮನ ಅಭಿಪ್ರಾಯ.

ನಾವಿರುವುದು ಗೋವಿಂದರಾಜನಗರದ ಮೂರಂತಸ್ತಿನ ಒಂದು ಕಟ್ಟಡದಲ್ಲಿ. ಕೆಳಗೆ ಓನರ್ ಆಂಟಿ, ನಡುವೆ ನಾವು, ತಾರಸಿಯ ಮೇಲಿನ ಒಂಟಿ ರೂಮಿನಲ್ಲಿ ಗದಗದ ಕಡೆಯ ಒಬ್ಬ ಹುಡುಗ. ನನ್ನದೇ ವಯಸ್ಸು. ಸ್ಕೂಟರಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದ. ನಾನು ಅವನನ್ನು ಮಗಾ ಅನ್ನುತ್ತಿದ್ದೆ, ಅವನು ನನ್ನನ್ನು ದೋಸ್ತ ಅನ್ನುತ್ತಿದ್ದ. ಅವನ ಮಾತನ್ನು ಅವನೆದುರೇ ಅಣಕಿಸಿದರೆ ಕೈ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದ. "ಭೇಷ್ ಮಾಡ್ತೀ ದೋಸ್ತ. ಆದ್ರ ನಮ್ ಕಡೆ ಹಿಂಗ್ ಮೂಗಿನ್ಯಾಗ ಮಾತಾಡಂಗಿಲ್ಲ, ಅದು ನಿನಗ ನೆಗಡಿ ಆಗೇತಿ." ವಿಮರ್ಶಕನೂ ಆಗಿದ್ದ.

ಒಂದು ದಿನ ಬೆಳಿಗ್ಗೆ, ನಮ್ಮ ರಸ್ತೆಯ ಕೊನೆಯ ಮನೆಯ ಅಜ್ಜಿ ರಂಗೋಲಿ ಹಾಕುತ್ತಿದ್ದಾಗ ಸರಗಳ್ಳತನವಾಯಿತು. ಕಪ್ಪು ಬೈಕಿನಲ್ಲಿ ಇಬ್ಬರು ಬಂದರಂತೆ. ಹಿಂದೆ ಕೂತವನು ಇಳಿಯಲೂ ಇಲ್ಲ, ಬಗ್ಗಿ ಎಳೆದುಕೊಂಡು ಹೋದ. ಅಜ್ಜಿಯ ಕುತ್ತಿಗೆಯಲ್ಲಿ ಒಂದು ಕೆಂಪು ಗೀರು ಉಳಿಯಿತು. ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಒಂದು ಚಾನೆಲ್ಲಿನವರು ಬಂದರು, ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾದವ.

ಅಜ್ಜಿ ಬಾಗಿಲು ತೆಗೆಯಲಿಲ್ಲ. ಆ ರಸ್ತೆಯಲ್ಲಿ ಸಿಸಿಟಿವಿ ಇದ್ದದ್ದು ಒಂದೇ ಮನೆಗೆ, ಅದೂ ಕೆಟ್ಟು ಕೂತಿತ್ತು. ವರದಿಗಾರ ಪಾಪ, ಮೈಕು ಹಿಡಿದುಕೊಂಡು ಖಾಲಿ ರಸ್ತೆ ನೋಡುತ್ತಾ ನಿಂತಿದ್ದ. ಓನರ್ ಆಂಟಿ ಇಬ್ಬರಿಗೂ ಕಾಫಿ ಕೊಟ್ಟರು. ನಾನು ತಡವಾಗಿ ಊಟಕ್ಕೆಂದು ಮನೆಗೆ ಬಂದವನು ಅಂಗಡಿ ಮರೆತು ಅಲ್ಲೇ ನಿಂತೆ. ಕ್ಯಾಮೆರಾ ಕಂಡರೆ ಅಲ್ಲಿಂದ ಹೊರಡಲು ನನಗೆ ಕಾಲು ಬರುವುದಿಲ್ಲ. ಅಷ್ಟರಲ್ಲಿ ನಮ್ಮ ತಾರಸಿ ಹುಡುಗ ಸ್ಕೂಟರಿನಲ್ಲಿ ವಾಪಸು ಬಂದ.

"ಬ್ರದರ್, ಒಂದ್ ಹೆಲ್ಪ್" ಅಂದ ವರದಿಗಾರ. "ಆ ಕಡೆಯಿಂದ ಈ ಕಡೆಗೆ ಸ್ವಲ್ಪ ಸ್ಪೀಡಾಗಿ ಒಂದ್ಸಲ ಹೋಗ್ಬಿಡಿ. ಕಳ್ಳ ಹೇಗೆ ಬಂದ ಅಂತ ತೋರ್ಸೋಕೆ ಅಷ್ಟೇ. ಮುಖ ಬ್ಲರ್ ಮಾಡ್ತೀವಿ."

ಹುಡುಗ ನನ್ನ ಮುಖ ನೋಡಿದ. ನಾನು, "ಹೋಗೋ ಮಗಾ, ಟಿವಿಲಿ ಬರ್ತೀಯ" ಅಂದೆ.

"ಬರೋದಾದ್ರ ಮಾರಿ ಯಾಕ ಮುಚ್ತೀರಿ ಸರ? ಕಾಣ್ಲಿ ಬಿಡ್ರಿ. ನಮ್ಮವ್ವ ನೋಡ್ತಾಳ." ಅಷ್ಟು ಹೇಳಿ ಹೆಲ್ಮೆಟ್ಟನ್ನೂ ತೆಗೆದು ನನ್ನ ಕೈಗೆ ಕೊಟ್ಟ. ಬೆನ್ನಿನ ಊಟದ ಬ್ಯಾಗು ಮಾತ್ರ ಹಾಗೇ ಇತ್ತು.

ಮೊದಲನೇ ಸಲ ಅವನು ಹೋದದ್ದು ಯಾರದೋ ಮನೆಗೆ ಸಾರು ಚೆಲ್ಲದ ಹಾಗೆ ತಲುಪಿಸಲು ಹೋಗುವವನಂತೆ. ತಿರುವಿನಲ್ಲಿ ಇಂಡಿಕೇಟರನ್ನೂ ಹಾಕಿದ. ಕ್ಯಾಮೆರಾದವ ನಕ್ಕುಬಿಟ್ಟ. "ಇದ್ಯಾವ ಕಳ್ಳ ಗುರು, ಸಿಗ್ನಲ್ ಕೊಟ್ಟು ಹೋಗ್ತಾನೆ?"

ಆಗ ನಾನು ಬಾಯಿ ಹಾಕಿದೆ. ಯಾರೂ ಕೇಳಿರಲಿಲ್ಲ. "ಮಗಾ, ಹಂಗಲ್ಲ. ಇಲ್ಲಿಗೆ ಬಂದಾಗ ಒಂದ್ಸಲ ಹಿಂದಕ್ಕೆ ತಿರುಗಿ ನೋಡ್ಬೇಕು. ಭುಜ ಸ್ವಲ್ಪ ಕುಗ್ಗಿಸು. ಕಣ್ಣು ಹಿಂಗೆ." ರಸ್ತೆ ಮಧ್ಯೆ ನಿಂತು ಮಾಡಿ ತೋರಿಸಿದೆ. ಗದ್ದ ಎದೆಗೆ, ಕಣ್ಣು ಓರೆಗೆ, ತಲೆ ಅರ್ಧ ತಿರುವಿ ತಟ್ಟನೆ ಮುಂದಕ್ಕೆ. ಹತ್ತಾರು ಸಿನಿಮಾಗಳಿಂದ ಕದ್ದ ನೋಟ ಅದು. ಓನರ್ ಆಂಟಿ ಗೇಟಿನ ಹತ್ತಿರ ನಿಂತು ಲೋಟ ಹಿಡಿದುಕೊಂಡೇ ನಕ್ಕರು. ಎರಡನೇ ಸಲ ಹುಡುಗ ನಾನು ಹೇಳಿಕೊಟ್ಟದ್ದನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಮಾಡಿದ. ನಾನು ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದೆ.

"ಸೂಪರ್ ಬ್ರದರ್" ಅಂದ ವರದಿಗಾರ, ನನಗೊಂದು ವಿಸಿಟಿಂಗ್ ಕಾರ್ಡನ್ನೂ ಕೊಟ್ಟ. ಹುಡುಗ ಅಲ್ಲೇ ನಿಂತು ಊರಿಗೆ ಫೋನು ಹಚ್ಚಿದ. "ಯವ್ವಾ, ಎಂಟಕ್ಕ ಟಿವಿ ಹಚ್ಚು. ಬಾಜೂಮನ್ಯಾರ್ನೂ ಕರಿ."

ಎಂಟು ಗಂಟೆಗೆ ಓನರ್ ಆಂಟಿಯ ಹಾಲ್‌ನಲ್ಲಿ ಎಲ್ಲರೂ ಕೂತಿದ್ದೆವು. ಹುಡುಗ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಇಸ್ತ್ರಿ ಶರಟು ಹಾಕಿಕೊಂಡು ಬಂದಿದ್ದ, ಟಿವಿಯವರು ವಾಪಸು ಅವನನ್ನು ನೋಡುತ್ತಾರೇನೋ ಎಂಬಂತೆ.

ದೃಶ್ಯ ಕಪ್ಪುಬಿಳುಪಾಗಿತ್ತು. ಮೂಲೆಯಲ್ಲಿ ಗಂಟೆ ನಿಮಿಷ ಸೆಕೆಂಡು ಕೂರಿಸಿದ್ದರು. ಹುಡುಗ ಸ್ಕೂಟರಿನಲ್ಲಿ ಬಂದ, ಹಿಂದಕ್ಕೆ ತಿರುಗಿ ನೋಡಿದ, ಅಲ್ಲಿಗೇ ಚಿತ್ರ ನಿಂತಿತು. ಅವನ ಮುಖದ ಸುತ್ತ ಒಂದು ಕೆಂಪು ವೃತ್ತ ಗಿರಗಿರ ತಿರುಗಿ ಬಂದು ಕೂತಿತು. "ಡೆಲಿವರಿ ಬಾಯ್ ವೇಷದಲ್ಲಿ ಬಂದ ಖದೀಮ! ಸಿಸಿಟಿವಿಯಲ್ಲಿ ಸೆರೆಯಾಯ್ತು ಕಿರಾತಕನ ಕೈಚಳಕ!" ಮತ್ತೆ ಮೊದಲಿಂದ ಬಂದ, ಮತ್ತೆ ತಿರುಗಿದ, ಮತ್ತೆ ವೃತ್ತ. ಒಟ್ಟು ಹನ್ನೊಂದು ಸಲ. ಎಣಿಸುವುದು ನನ್ನ ಚಟ.

 ಹುಡುಗನ ಫೋನು ತೊಡೆಯ ಮೇಲೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಎತ್ತಿದ. "ಯವ್ವಾ, ಅದು ಹಂಗಲ್ಲ..." ಅಂದ. ಆಮೇಲೆ ಬರೀ ಕೇಳಿಸಿಕೊಂಡ. ಆ ಕಡೆ ಅವ್ವನ ಮನೆಯಲ್ಲಿ ಬಾಜೂಮನೆಯವರೂ ಕೂತಿದ್ದರು, ಇವನೇ ಕರೆಸಿದ್ದ.

ನಾನು ಆ ರಾತ್ರಿಯೇ ಅಂತರ್ಜಾಲದಿಂದ ಆ ತುಣುಕು ಇಳಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಜೀವನದಲ್ಲಿ ಮೊದಲ ಸಲ ತಪ್ಪು ಹುಡುಕುವುದಕ್ಕೆ ಒಂದು ಕಾರಣ ಸಿಕ್ಕಿತ್ತು. ತಪ್ಪುಗಳೋ, ತುಂಬಿ ತುಳುಕುತ್ತಿದ್ದವು. ಕಳ್ಳತನವಾದದ್ದು ಬೆಳಿಗ್ಗೆ, ವಿಡಿಯೋದಲ್ಲಿ ನೆರಳುಗಳು ಬಿದ್ದಿದ್ದು ಸಂಜೆಯ ದಿಕ್ಕಿಗೆ. ಮೂಲೆಯ ಗಡಿಯಾರದಲ್ಲಿ ಸೆಕೆಂಡು ಓಡುತ್ತಲೇ ಇರಲಿಲ್ಲ, ಸ್ಕೂಟರು ಇಡೀ ರಸ್ತೆ ದಾಟಿದರೂ ಅದೇ ಹದಿನಾಲ್ಕು. ಅಜ್ಜಿ ಹೇಳಿದ್ದು ಇಬ್ಬರು, ಕಪ್ಪು ಬೈಕು. ಇಲ್ಲಿರುವುದು ಒಬ್ಬ, ಸ್ಕೂಟರು. ಎಡಗಡೆ ಅಂಚಿನಲ್ಲಿ ಹೆಲ್ಮೆಟ್ ಹಿಡಿದ ಒಂದು ತೋಳಿನ ಮೊಣಕೈ ಕಾಣುತ್ತದೆ, ಅದು ನನ್ನದು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ಸಣ್ಣಗೆ ಮೇಲೆ ಕೆಳಗೆ ಆಡುತ್ತಿತ್ತು. ಗೋಡೆಗೆ ಮೊಳೆ ಹೊಡೆದ ಕ್ಯಾಮೆರಾ ಉಸಿರಾಡುವುದಿಲ್ಲ. ಮನುಷ್ಯನ ಭುಜದ ಮೇಲಿರುವ ಕ್ಯಾಮೆರಾ ಉಸಿರಾಡುತ್ತದೆ.

ಆ ಪಟ್ಟಿಗೆ ನಾನು ಸೇರಿಸದ ಒಂದು ಅಂಶವಿತ್ತು. ಆ ಓರೆನೋಟ. ನೋಡಿದವರೆಲ್ಲ, "ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡ್ರಿ" ಅನ್ನುತ್ತಿದ್ದದ್ದು ಅದನ್ನೇ. ಅದು ಅವನ ಮುಖದ ಮೇಲೆ ನಾನು ಹಾಕಿದ ಮುಖ.

ಮರುದಿನ ಬೆಳಿಗ್ಗೆ ವರದಿಗಾರನಿಗೆ ಫೋನು ಮಾಡಿದೆ. ಜಗಳಕ್ಕೆ ಸಿದ್ಧವಾಗಿದ್ದೆ. ಅವನು ಜಗಳವನ್ನೇ ಆಡಲಿಲ್ಲ.

"ಬ್ರದರ್, ನನ್ನಾಣೆಗೂ ನಾನು 'ಸಾಂದರ್ಭಿಕ ದೃಶ್ಯ' ಅಂತ ಬರ್ದೇ ಕಳಿಸಿದ್ದು. ಡೆಸ್ಕಲ್ಲಿ ಯಾರೋ ತೆಗೆದು ಬ್ಲ್ಯಾಕ್ ಆಂಡ್ ವೈಟ್ ಮಾಡಿದಾರೆ."

"ಹಂಗಾದ್ರೆ ಅವರಿಗೆ ಹೇಳಿ ಸಾರ್, ತಪ್ಪಾಗಿದೆ ಅಂತ ಹಾಕ್ಲಿ."

"ಹೇಳ್ದೆ. ಇವತ್ತಿಂದ ನನ್ನನ್ನ ಕ್ರೈಮಿಂದ ತೆಗೆದು ದೇವಸ್ಥಾನದ ಸುದ್ದಿಗೆ ಹಾಕಿದಾರೆ. ಈಗ ಲೈನಲ್ಲಿ ಪ್ರಸಾದಕ್ಕೆ ನಿಂತಿದೀನಿ." ಹಿಂದೆ ಗಂಟೆ ಬಾರಿಸುತ್ತಿತ್ತು. ಸುಳ್ಳು ಹೇಳುತ್ತಿರಲಿಲ್ಲ.

ಹುಡುಗನೇ ಧೈರ್ಯ ಮಾಡಿ ಠಾಣೆಗೆ ಹೋದ, ಜೊತೆಗೆ ನಾನೂ ಹೋದೆ. ಅಲ್ಲಿಯ ಸಾಹೇಬರು ವಿಡಿಯೋ ನೋಡಿ, "ಇವನಲ್ಲ ಅಂತ ನಮಗೆ ಗೊತ್ತು ಕಣಯ್ಯ. ಹೋಗಿ ನಿಮ್ಮ ಕೆಲಸ ನೋಡ್ಕೊಳ್ಳಿ" ಅಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. "ಅದನ್ನ ಒಂದು ಚೀಟಿಲಿ ಬರ್ಕೊಡ್ತೀರಾ ಸಾರ್?" ಅಂದೆ. ಕಳ್ಳತನ ಮಾಡಿಲ್ಲ ಅನ್ನುವುದಕ್ಕೆ ಚೀಟಿ ಕೊಡುವ ಪದ್ಧತಿ ಇಲ್ಲವಂತೆ.

ಅವನಿಗೆ ಬೇಕಾಗಿದ್ದು ಅಂಥದ್ದೇ ಒಂದು ಚೀಟಿ, ಊರಿನವರಿಗೆ ತೋರಿಸಲು. ಕೆಲಸ ಹೋದರೆ ಇನ್ನೊಂದು, ರೂಮು ಹೋದರೆ ಇನ್ನೊಂದು ಅನ್ನುತ್ತಿದ್ದ. ಊರಲ್ಲಿ ಅವ್ವ ನಲ್ಲಿ ಹತ್ತಿರ ಕೊಡ ಹಿಡಿದು ನಿಂತಾಗ ಯಾರೂ ಮಾತು ನಿಲ್ಲಿಸಬಾರದು, ಅಷ್ಟೇ. ಅವಳು ನಾಲ್ಕು ದಿನದಿಂದ ಎಲ್ಲರೂ ಹೋದ ಮೇಲೆ ಮಧ್ಯಾಹ್ನ ನೀರಿಗೆ ಹೋಗುತ್ತಿದ್ದಳು. "ನಾ ಹೇಳಿದ್ರ ಹೂಂ ಹೂಂ ಅಂತಾಳ ದೋಸ್ತ. ನಂಬ್ಯಾಳೋ ಇಲ್ಲೋ ತಿಳಿವಲ್ದು."

ಇಲ್ಲಿ ಪಕ್ಕದ ರಸ್ತೆಯ ಅಪಾರ್ಟ್‌ಮೆಂಟಿನವರ ವಾಟ್ಸಾಪ್ ಗ್ರೂಪಿನಲ್ಲಿ ಅವನ ಫೋಟೋ ಬಂದಿತ್ತು, ಕೆಂಪು ವೃತ್ತದ ಸಮೇತ. ಗೇಟಿನಲ್ಲಿ ಸೆಕ್ಯುರಿಟಿಯವರು ಒಳಗೆ ಬಿಡುತ್ತಿರಲಿಲ್ಲ. ಊಟವನ್ನು ಅವರೇ ಕೈಚಾಚಿ ಈಸಿಕೊಂಡು, "ನಿಂತ್ಕೋಬೇಡ, ಹೊರಡು" ಅನ್ನುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ನಾನು ಅವನನ್ನು ಎಳೆದುಕೊಂಡು ಅಲ್ಲಿಗೆ ಹೋದೆ. ಗೇಟಿನೊಳಗೆ ಕಲ್ಲುಬೆಂಚಿನ ಮೇಲೆ ಸಂಘದ ನಾಲ್ಕೈದು ಮಂದಿ ವಾಕಿಂಗ್ ಮುಗಿಸಿ ಕೂತಿದ್ದರು. ಹುಡುಗ ಗೇಟಿನ ಹೊರಗೆ ನಿಂತ. ನಾನು ಫೋನು ತೆಗೆದು ಶುರುಮಾಡಿದೆ. ನೆರಳು ನೋಡಿ ಸಾರ್. ಗಡಿಯಾರ ನೋಡಿ. ಈ ಮೊಣಕೈ ನಂದು, ಬೇಕಾದ್ರೆ ಹೋಲಿಸಿ ನೋಡಿ ಅಂತ ತೋಳು ಮಡಚಿ ತೋರಿಸಿದೆ. ಅವರು ಒಪ್ಪಿದರು! ಒಂದೊಂದಕ್ಕೂ ತಲೆಯಾಡಿಸಿದರು. ಟೋಪಿ ಹಾಕಿದ್ದ ಅಧ್ಯಕ್ಷರು, "ಈ ಟಿವಿಯವರನ್ನ ನಂಬೋಕೇ ಆಗಲ್ಲ ಬಿಡ್ರಿ" ಅಂತ ನನಗಿಂತ ಹೆಚ್ಚು ಬೈದರು. ಅಷ್ಟರಲ್ಲಿ ಒಬ್ಬರು ನನ್ನ ಗುರುತು ಹಿಡಿದುಬಿಟ್ಟರು.

"ನೀನು ನಮ್ಮ ಗಣೇಶನ ಫಂಕ್ಷನ್ನಲ್ಲಿ ಮಿಮಿಕ್ರಿ ಮಾಡಿದ್ಯಲ್ಲ? ಲೇ, ಇದನ್ನ ಆ ಆಂಕರ್ ಥರ ಒಂದ್ಸಲ ಹೇಳೋ!"

"ಇಲ್ಲ ಸಾರ್, ಇದು ಸೀರಿಯಸ್ ವಿಷ್ಯ."

"ಒಂದೇ ಒಂದ್ಸಲ ಕಣೋ. ಮೊಮ್ಮಗಳಿಗೆ ವಿಡಿಯೋ ಮಾಡಿ ಕಳಿಸ್ತೀನಿ."

ಇಲ್ಲಿ ನಾನು ಏನು ಮಾಡಿದೆ ಅನ್ನುವುದನ್ನು ಬರೆಯದೆ ಇರಬಹುದಿತ್ತು. ಮಾಡಿದೆ. ಅವರು ಖುಷಿಯಾದರೆ ಗೇಟು ತೆಗೆಯಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಐದು ಜನ ನನ್ನ ಕಡೆ ಮುಖ ಮಾಡಿ ಕಾಯುತ್ತಿದ್ದರು, ಆಗ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. "ವೀಕ್ಷಕರೇ, ನೋಡ್ತಾ ಇದೀರಿ, ಸೆಕೆಂಡೇ ಓಡದ ಗಡಿಯಾರ! ಕಿರಾತಕ ಕದ್ದಿದ್ದು ಸರಾನಾ, ಸಮಯಾನಾ?" ಬೆಂಚು ನಕ್ಕಿತು. ಸೆಕ್ಯುರಿಟಿಯವರೂ ನಕ್ಕರು. ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ಹುಡುಗ ಗೇಟಿನ ಕಂಬಿ ಹಿಡಿದುಕೊಂಡು ನಿಂತಿದ್ದ. ನಗುತ್ತಿರಲಿಲ್ಲ. ಕೈ ಬಾಯಿಗೆ ಅಡ್ಡ ಹೋಗಿರಲಿಲ್ಲ.

"ಹಂಗಾದ್ರೆ ಇವನನ್ನ ಒಳಗೆ ಬಿಡ್ತೀರಲ್ಲ ಸಾರ್?" ಅಂದೆ.

ಅಧ್ಯಕ್ಷರು ಟೋಪಿ ತೆಗೆದು ತಲೆ ಒರೆಸಿಕೊಂಡರು. "ನೋಡಪ್ಪಾ, ನಮಗೇನೂ ಇಲ್ಲ. ಆದ್ರೆ ಮನೇಲಿ ಹೆಣ್ಮಕ್ಳು ಇರ್ತಾರೆ, ಅವರು ಈ ಮುಖ ನೋಡಿ ಗಾಬರಿ ಆಗ್ಬಿಡ್ತಾರೆ. ಸ್ವಲ್ಪ ದಿನ ಹೋಗ್ಲಿ."

ವಾಪಸು ನಡೆಯುವಾಗ ಹುಡುಗ ಅರ್ಧ ದಾರಿಯವರೆಗೆ ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದ. ಆಮೇಲೆ, "ನೀ ಸಿಟ್ಟಾಗಬ್ಯಾಡ. ಇನ್ನ ನನ್ನ ಸಲುವಾಗಿ ಎಲ್ಲೂ ಮಾತಾಡಬ್ಯಾಡ ದೋಸ್ತ" ಅಂದ. ಸಿಟ್ಟು ಮಾಡಿಕೊಳ್ಳಬೇಕಾದವನು ಅವನು.

ಒಂದೆರಡು ವಾರ ಕಳೆದ ಮೇಲೆ ನಿಜವಾದ ಕಳ್ಳರು ಸಿಕ್ಕಿಬಿದ್ದರು. ಊರ ಆಚೆ ಇನ್ನೆಲ್ಲೋ ಇನ್ಯಾರದೋ ಸರ ಕಿತ್ತು, ಬೈಕು ಜಾರಿ ಬಿದ್ದು, ನಮ್ಮ ಅಜ್ಜಿಯ ಸರದ ವಿಷಯವನ್ನೂ ಒಪ್ಪಿಕೊಂಡರಂತೆ. ಓನರ್ ಆಂಟಿಯೇ ಮೆಟ್ಟಿಲು ಹತ್ತಿ ಬಂದು ಸುದ್ದಿ ಹೇಳಿದರು. ನಾನು ಮೂರು ಮೂರು ಮೆಟ್ಟಿಲನ್ನು ಒಟ್ಟಿಗೆ ಹಾರಿಕೊಂಡು ತಾರಸಿಗೆ ಓಡಿದೆ. "ಮಗಾ, ಸಿಕ್ಕಿದ್ರು ಕಣೋ! ಇಬ್ರು! ಕಪ್ಪು ಬೈಕು!" ಅವನು ಊರಿಗೆ ಫೋನು ಮಾಡಿದ. ಈ ಸಲ ಬಾಜೂಮನೆಯವರನ್ನು ಕರೆ ಅನ್ನಲಿಲ್ಲ. "ನೀ ಒಬ್ಬಾಕೀನ ನೋಡು ಯವ್ವಾ" ಅಂದ.

ಅದೇ ಚಾನೆಲ್ಲು, ಅದೇ ಎಂಟು ಗಂಟೆ, ಅದೇ ಹಾಲ್. "ಕೊನೆಗೂ ಖಾಕಿ ಬಲೆಗೆ ಬಿದ್ದ ಖದೀಮರು!" ಹಿಡಿದವರ ದೃಶ್ಯ ಅವರ ಹತ್ತಿರ ಒಂದೇ ಇತ್ತು. ಮುಖಕ್ಕೆ ಕಪ್ಪು ಬಟ್ಟೆ ಮುಸುಕು ಹಾಕಿ ನಿಲ್ಲಿಸಿದ್ದ ಇಬ್ಬರು, ನಾಲ್ಕು ಸೆಕೆಂಡು. ಉಳಿದ ಸುದ್ದಿ ತುಂಬಿಸಲು ಹಳೆಯದನ್ನು ತೆಗೆದು ಹಾಕಿದ್ದರು. ಸ್ಕೂಟರು ಬಂತು, ಹುಡುಗ ತಿರುಗಿ ನೋಡಿದ, ಕೆಂಪು ವೃತ್ತ ಬಂದು ಕೂತಿತು. ನಿಜವಾದ ಕಳ್ಳರ ಮುಖವನ್ನು ಯಾರೂ ನೋಡಲಿಲ್ಲ. ನೋಡಿದ್ದು ಇವನದೊಂದನ್ನೇ. ಕೆಳಗೆ ಓಡುತ್ತಿದ್ದ ಅಕ್ಷರದಲ್ಲಿ ಇಬ್ಬರ ಬಂಧನ ಅಂತ ಇತ್ತು. ಮುಸುಕಿನವರು ಇಬ್ಬರು, ಇವನು ಮೂರನೆಯವನು. ಲೆಕ್ಕ ತಪ್ಪಿದ್ದನ್ನು ಗಮನಿಸಿದವನು ಇಡೀ ಕರ್ನಾಟಕದಲ್ಲಿ ನಾನೊಬ್ಬನೇ ಇರಬೇಕು. ಗಮನಿಸಿ ಏನು ಮಾಡಿದೆ? ಓನರ್ ಆಂಟಿ ರಿಮೋಟು ಹುಡುಕಿ ಆರಿಸಿದರು, ಅಷ್ಟೇ.

ಎರಡು ದಿನದ ಮೇಲೆ ಆಂಟಿ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡರು. ಅವನಿಗೇ ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ನಂಗೊತ್ತಿಲ್ವೇನಪ್ಪಾ? ಶೂಟಿಂಗ್ ಮಾಡಿದ್ದು ನನ್ನ ಕಣ್ಮುಂದೇನೇ. ಅವರಿಗೆ ಕಾಫಿ ಕೊಟ್ಟೋಳೇ ನಾನು. ಆದ್ರೆ ಎದುರು ಮನೆಯೋರು ದಿನಾ ಕೇಳ್ತಾರೆ, ಇನ್ನೂ ಇಟ್ಕೊಂಡಿದೀರಾ ಅಂತ. ನಾನು ಎಷ್ಟು ಜನಕ್ಕೆ ಅಂತ ಕಥೆ ಹೇಳ್ಲಿ?"

"ನಾನ್ ಹೇಳ್ತೀನಿ ಆಂಟಿ."

"ನೀನು ಹೇಳಿದ್ರೆ ನಗ್ತಾರೆ ಕಣೋ" ಅಂದರು. ಬೈದದ್ದಲ್ಲ, ಕನಿಕರದಿಂದಲೇ ಹೇಳಿದ್ದು.

ಅವನ ಸಾಮಾನು ಅಂತ ಇದ್ದದ್ದು ಎರಡು ಚೀಲ, ಒಂದು ಹಾಸಿಗೆ. ಕೆಂಗೇರಿಯ ಆಚೆ ಒಂದು ಗೋಡೌನಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಸಿಕ್ಕಿತ್ತು, ಅಲ್ಲೇ ಮಲಗಲು ಜಾಗ. "ಅಲ್ಲಿ ಗಿರಾಕಿ ಬರಂಗಿಲ್ಲ. ಯಾರೂ ಮಾರಿ ನೋಡಂಗಿಲ್ಲ" ಅಂದ. ಅಮ್ಮ ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಟ್ಟಳು. ನಾನು ಚೀಲವೊಂದನ್ನು ಸ್ಕೂಟರಿನ ಮುಂದೆ ಇಟ್ಟು, ಹೇಳಲೇಬೇಕು ಅಂತ ಕಟ್ಟಿಕೊಂಡಿದ್ದ ಮಾತನ್ನು ಹೇಳಿದೆ. "ಮಗಾ, ತಿರುಗಿ ನೋಡು ಅಂದಿದ್ದು ನಾನು. ನಾನ್ ಹೇಳದೆ ಇದ್ದಿದ್ರೆ..."

"ಹೌದು" ಅಂದ. ಮನಸ್ಸಿಗೆ ಹಚ್ಚಿಕೋಬೇಡ ಅನ್ನಬಹುದು ಅಂತ ಕಾದೆ. ಅನ್ನಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಗಾಜು ಇಳಿಸಿದ.

ಅವನು ಹೋಗಿ ತಿಂಗಳಾಗುವಷ್ಟರಲ್ಲಿ ಅಂಗಡಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅವನ ಅವ್ವ. ಹಿಂದೊಮ್ಮೆ ಅವನ ಫೋನು ಕೆಟ್ಟಾಗ ನನ್ನ ನಂಬರು ಕೊಟ್ಟಿದ್ದನಂತೆ. ಯಾರದೋ ಆಧಾರ್ ಕಾರ್ಡು ಮಷೀನಿನಲ್ಲಿ ಹಾಗೇ ಬಿಟ್ಟು ನಾನು ಹೊರಗೆ ಬಂದೆ.

"ನೀವು ಅವನ ಗೆಣ್ಯಾ, ದೋಸ್ತ ಅಲ್ರೀ? ಖರೇ ಹೇಳ್ರಿ. ನಾ ಯಾರ ಮುಂದೂ ಅನ್ನಂಗಿಲ್ಲ. ನನ್ನ ಮಗ ಏನರ ಮಾಡ್ಯಾನೇನ್ರಿ?"

ಎಲ್ಲ ಹೇಳಿದೆ. ಯಾರ ದನಿಯೂ ಇಲ್ಲದೆ, ನನ್ನ ಆ ಅಷ್ಟೇನೂ ಚೆನ್ನಾಗಿಲ್ಲದ ದನಿಯಲ್ಲೇ ಹೇಳಿದೆ. ಟಿವಿಯವರು ಬಂದದ್ದು, ಹೆಲ್ಮೆಟ್ ತೆಗೆದದ್ದು, ನೆರಳು, ಗಡಿಯಾರ, ಕಪ್ಪು ಬೈಕು, ಸಾಹೇಬರು ಇವನಲ್ಲ ಅಂದದ್ದು. ಓರೆನೋಟ ಕಲಿಸಿದ್ದು ನಾನು ಅನ್ನುವುದನ್ನೂ ಬಿಡಲಿಲ್ಲ. ಅವರು ನಡುವೆ ಎಲ್ಲೂ ತಡೆಯಲಿಲ್ಲ. ಹೂಂ, ಹೂಂ ಅನ್ನುತ್ತಾ ಕೇಳಿದರು. 

ಆ ಕಡೆ ಒಂದು ಕೋಳಿ ಕೂಗಿತು.

"ನೀವು ಶ್ಯಾಣ್ಯಾರದೀರಿ. ನೀವು ಅಂದದ್ದೆಲ್ಲಾ ಖರೇನ ಇರಬೇಕ್ರಿ" ಅಂದರು. "ಆದರ ಮಾರಿ ಅವಂದ ಐತಲ್ರೀ."